ನಿಂತಿದ್ದ ಕಾರು

ಚನ್ನಪಟ್ಟಣ
24 ಫೆಬ್ರವರಿ 2025
ರಿಜಿಸ್ಟರ್ಡ್ ಪೋಸ್ಟ್

ದೊಡ್ಡಆಲಹಳ್ಳಿಯ ಶ್ರೀ ಹೊನ್ನಯ್ಯನವರಿಗೆ,

ನಮಸ್ಕಾರ. ನನ್ನ ಹೆಸರು ಅಸ್ರಾ. ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ಹೆಸರು, ಊರು ಎರಡೂ ನಿಮ್ಮ ಗೂಡ್ಸ್ ಗಾಡಿಯ ಬಾಗಿಲ ಮೇಲೆ ಬರೆದಿತ್ತು. ಅಲ್ಲಿಂದ ತೆಗೆದುಕೊಂಡೆ.

ನನ್ನ ಗಂಡ ಮುಷರಫ್ ಮನೆಯಲ್ಲೇ ಮರದ ಬೊಂಬೆ ಮಾಡುತ್ತಾರೆ. ಅವನ್ನು ಅಂಗಡಿಗಳಿಗೆ ತಲುಪಿಸುವುದು ನನ್ನ ಕೆಲಸ. ಇದೇ ತಿಂಗಳು ಹನ್ನೆರಡನೇ ತಾರೀಖು, ಬುಧವಾರ, ಕನಕಪುರದಲ್ಲಿ ಮಾಲು ಕೊಟ್ಟು ರಾಮನಗರದ ಕಡೆಗೆ ಕಾರಿನಲ್ಲಿ ಒಬ್ಬಳೇ ಬರುತ್ತಿದ್ದೆ. ನಿಮ್ಮ ಗಾಡಿ ನನ್ನ ಮುಂದಿತ್ತು. ಸಣ್ಣ ಸೇತುವೆಯೊಂದನ್ನು ದಾಟಿದ ಮೇಲೆ ಅದು ರಸ್ತೆಯಲ್ಲೇ ನಿಂತಿತು. ನಾನೂ ಹಿಂದೆ ನಿಲ್ಲಿಸಿದೆ. ಓಡಿಸುತ್ತಿದ್ದವರು ನಿಮ್ಮ ಮಗ ಬೀರೇಶ್ ಎಂದು ಆಮೇಲೆ ತಿಳಿಯಿತು. ಅವರು ಹಿಂದೆ ನೋಡದೆ ಒಮ್ಮೆಲೇ ರಿವರ್ಸ್ ತೆಗೆದುಕೊಂಡರು. ನಾನು ಹಾರ್ನ್ ಒತ್ತುವಷ್ಟರಲ್ಲಿ ಗಾಡಿಯ ಹಿಂಭಾಗ ನನ್ನ ಕಾರಿನ ಮೂತಿಗೆ ಬಂದು ಬಡಿಯಿತು.

ಯಾರು ನೋಡಿದರೂ ನಾನೇ ಹಿಂದಿನಿಂದ ಹೋಗಿ ಗುದ್ದಿದ ಹಾಗೆ ಕಾಣುತ್ತದೆ. ನಿಮ್ಮ ಮಗ ಇಳಿದು ಬಂದವರೇ ಅದನ್ನೇ ಹಿಡಿದುಕೊಂಡರು. “ಏನಮ್ಮಾ, ಕಣ್ ಕಾಣಕಿಲ್ವಾ? ಹಿಂದಿಂದ ಬಂದು ಗುದ್‌ಬುಟ್ಟಲ್ಲ! ಹೆಂಗಸ್ರ ಕೈಗೆ ಸ್ಟೇರಿಂಗ್ ಕೊಟ್ರೆ ಇಂಗೇಯ” ಎಂದು ಕೂಗಿದರು. ಜನ ಸೇರಿದರು. ರಾಮನಗರದಲ್ಲಿದ್ದ ನನ್ನ ಗಂಡ, ನಾನು ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದರು. ಬಂದವರು ಗಲಾಟೆ ಬೇಡವೆಂದು ನಿಮ್ಮ ಮಗನಿಗೇ ಎರಡು ಸಾವಿರ ರೂಪಾಯಿ ಕೊಟ್ಟು ಕಳಿಸಿದರು.

ಬಂಪರ್, ಬಾನೆಟ್, ಎಡಗಡೆಯ ಹೆಡ್‌ಲೈಟ್, ರೇಡಿಯೇಟರ್ ಎಲ್ಲ ಹೋಗಿದೆ. ಗ್ಯಾರೇಜಿನ ವಾಸಿಂ ಇಪ್ಪತ್ತೊಂದು ಸಾವಿರದ ಆರುನೂರು ಎಂದು ಬರೆದುಕೊಟ್ಟಿದ್ದಾರೆ. ಅದರ ಪ್ರತಿ ಇದರ ಜೊತೆಗಿದೆ. ಹಳೆಯ ಕಾರು. ಅದರ ಇನ್ಶೂರೆನ್ಸಿನಲ್ಲಿ ನನ್ನ ಕಾರಿನ ರಿಪೇರಿಗೆ ಏನೂ ಸಿಗುವುದಿಲ್ಲ. ಗಾಡಿಯ ಮೇಲಿದ್ದ ನಿಮ್ಮ ಮಗನ ನಂಬರಿಗೆ ಫೋನ್ ಮಾಡಿದರೆ ಮೊದಲ ಸಲ “ನೋಡವ” ಎಂದರು. ಈಗ ನನ್ನ ನಂಬರ್ ಬ್ಲಾಕ್ ಆಗಿದೆ.

ದಯವಿಟ್ಟು ಈ ರಿಪೇರಿಯ ಹಣ, ನನ್ನ ಗಂಡ ಕೊಟ್ಟ ಎರಡು ಸಾವಿರ, ಮತ್ತು ತಪ್ಪು ನಿಮ್ಮ ಗಾಡಿಯದೆಂದು ಒಂದು ಸಾಲು ಬರೆದು ಕಳಿಸಿಕೊಡಿ. ಆ ಒಂದು ಸಾಲು ನನಗೆ ಹಣಕ್ಕಿಂತ ಮುಖ್ಯ.

ಇತಿ,
ಅಸ್ರಾ


ದೊಡ್ಡಆಲಹಳ್ಳಿ
6 ಮಾರ್ಚ್ 2025

ಅಸ್ರಾ ಎಂಬುವವರಿಗೆ,

ನಮ್ಮ ತಂದೆ ಹೊನ್ನಯ್ಯನವರಿಗೆ ಅಕ್ಷರ ಬರುವುದಿಲ್ಲವಾದ್ದರಿಂದ ಅವರ ಪರವಾಗಿ ಬರೆಯುತ್ತಿರುವುದು. ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಿದ್ದೇವೆ.

ಹಿಂದಿನ ಗಾಡಿ ಬಂದು ಮುಂದಿನ ಗಾಡಿಗೆ ಗುದ್ದಿದರೆ ತಪ್ಪು ಯಾರದೆಂದು ಸ್ಕೂಲ್ ಮಕ್ಕಳಿಗೂ ಗೊತ್ತು. ನಿಮ್ಮ ಯಜಮಾನರೇ ಇಪ್ಪತ್ತು ಜನರ ಮುಂದೆ ಕೈಮುಗಿದು, ತಪ್ಪಾಯಿತು ಎಂದು ಹೇಳಿ, ದುಡ್ಡು ಕೊಟ್ಟು ಹೋಗಿದ್ದಾರೆ. ತಪ್ಪಿಲ್ಲದವರು ಯಾಕೆ ಕೊಡುತ್ತಾರೆ? ಮೊದಲು ಅವರನ್ನು ಕೇಳಿ. ನಮ್ಮ ಗಾಡಿಯ ಹಿಂದಿನ ಬಾಗಿಲೂ ಸೊಟ್ಟಗಾಗಿದೆ. ನಾವು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೇವೆ.

ಸ್ಟೇಷನ್‌ಗೆ ಹೋಗುವುದಾದರೆ ಹೋಗಿ. ಅವತ್ತು ಅಲ್ಲಿದ್ದವರೆಲ್ಲ ನೋಡಿದ್ದಾರೆ. ಇನ್ನು ಮೇಲೆ ಈ ಮನೆಗೆ ಕಾಗದ ಬರಬಾರದು.

ಹೊನ್ನಯ್ಯನವರ ಪರವಾಗಿ,
ಬೀರೇಶ್


ಚನ್ನಪಟ್ಟಣ
17 ಮಾರ್ಚ್ 2025
ರಿಜಿಸ್ಟರ್ಡ್ ಪೋಸ್ಟ್

ಹೊನ್ನಯ್ಯನವರಿಗೆ,

ನಮಸ್ಕಾರ. ಬರೆಯಬೇಡಿ ಎಂದರೂ ಬರೆಯುತ್ತಿದ್ದೇನೆ. ನನ್ನ ಗಂಡನನ್ನು ಕೇಳಿ ಎಂದು ನಿಮ್ಮ ಮಗ ಬರೆದಿದ್ದಾರೆ. ಕೇಳಿದೆ. ಅವರು ಎದ್ದು ಬೊಂಬೆ ಕಡೆಯುವ ಲೇತ್ ಮಿಷಿನ್ ಹತ್ತಿರ ಹೋದರು. ಆದ್ದರಿಂದ ನಾನು ಕಂಡದ್ದನ್ನು ನಾನೇ ಹೇಳುತ್ತೇನೆ.

ಅವರು ಬಂದಾಗ ಗುಂಪು ನನ್ನ ಸುತ್ತ ನಿಂತಿತ್ತು. ಯಾರೋ ಒಬ್ಬರು, “ಗಂಡನಾ? ಏನಪ್ಪಾ ನಿನ್ ಹೆಸ್ರು?” ಎಂದು ಕೇಳಿದರು. ಅವರು ಹೆಸರು ಹೇಳಿದರು. “ಯಾವೂರು?” ಎಂದರು. ಅದನ್ನೂ ಹೇಳಿದರು. ಅದಾದ ಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ನಾನು ಮುಖ ತಿರುಗಿಸಿ ರಸ್ತೆಯಂಚಿಗೆ ಹೋಗಿ ನಿಂತೆ. ಮತ್ತೆ ತಿರುಗಿ ನೋಡಿದಾಗ ನನ್ನ ಗಂಡ ಕೈಮುಗಿದು ನಿಂತಿದ್ದರು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ನೀವು ಹಿರಿಯರು, ನಿಮಗೆ ತಿಳಿಯುತ್ತದೆ.

ಈಗ ಕಾರು ಗ್ಯಾರೇಜಿನ ಮೂಲೆಯಲ್ಲಿದೆ. ನಾಲ್ಕು ವರ್ಷ ಒಂದು ಗೀರೂ ಬೀಳದ ಹಾಗೆ ಓಡಿಸಿದ್ದೇನೆ. ನಮ್ಮ ಅತ್ತೆ ಕರೀಮುನ್ನೀಸಾ ಬೀದಿಯವರಿಗೆಲ್ಲ “ಸೊಸೆ ಹೋಗಿ ಗುದ್ದಿದಳಂತೆ, ದೇವರು ದೊಡ್ಡವನು, ಪ್ರಾಣ ಉಳಿಯಿತು” ಎಂದು ಹೇಳುತ್ತಾರೆ. ಅವರದು ಕೆಟ್ಟ ಮನಸ್ಸಲ್ಲ. ಮಗ ಹೇಳಿದ್ದನ್ನು ಹೇಳುತ್ತಾರೆ. ರಂಜಾನ್ ಹಬ್ಬ ಮುಗಿದ ಮೇಲೆ ಕಾರನ್ನು ಸಿಕ್ಕಷ್ಟಕ್ಕೆ ಮಾರುವ ಮಾತು ನಡೆಯುತ್ತಿದೆ. ನಾನು ಇಲ್ಲದಾಗ ಅಲ್ಲ, ನನ್ನ ಎದುರಿಗೇ.

ನನ್ನ ಮೊದಲ ಪತ್ರ ಮುಟ್ಟಿದ್ದಕ್ಕೆ ಬಂದ ಕಾರ್ಡಿನಲ್ಲಿ “ಮಾನಸ” ಎಂದು ರುಜು ಇದೆ. ಅವತ್ತು ನಿಮ್ಮ ಗಾಡಿಯ ಮುಂದಿನ ಸೀಟಿನಲ್ಲಿ ಹಸಿರು ಸೀರೆಯ ಹೆಂಗಸೊಬ್ಬರಿದ್ದರು. ಅಷ್ಟು ಗಲಾಟೆಯಾದರೂ ಕೆಳಗಿಳಿಯಲಿಲ್ಲ. ಅವರು ಇವರೇ ಏನೋ. ಇವರೇ ಆಗಿದ್ದರೆ, ನಿಂತಿದ್ದ ಕಾರು ಯಾವುದು, ಚಲಿಸಿದ ಗಾಡಿ ಯಾವುದು ಎಂದು ಅವರನ್ನು ಒಂದು ಮಾತು ಕೇಳಿ.

ಇತಿ,
ಅಸ್ರಾ


ದೊಡ್ಡಆಲಹಳ್ಳಿ
2 ಏಪ್ರಿಲ್ 2025

ಅಸ್ರಾ ಅಕ್ಕನವರಿಗೆ,

ನಾನು ಮಾನಸ. ಬೀರೇಶ್ ಅವರ ಹೆಂಡತಿ. ಹಸಿರು ಸೀರೆಯವಳು ನಾನೇ.

ನಿಮ್ಮ ಎರಡನೇ ಕಾಗದಕ್ಕೂ ರುಜು ಹಾಕಿ ತೆಗೆದುಕೊಂಡವಳು ನಾನೇ. ಮಾವನವರ ಕೈಗೆ ಕೊಡುವ ಮೊದಲೇ ಇವರು ಕಿತ್ತುಕೊಂಡು ಓದಿ ಒಲೆಗೆ ಹಾಕಿದರು. ಅಷ್ಟರಲ್ಲಿ ನಾನು ಓದಿಬಿಟ್ಟಿದ್ದೆ. ಮೊದಲನೆಯದನ್ನು ಮಾವನವರಿಗೆ ಓದಿ ಹೇಳಿದವರೂ ಇವರೇ. ನೀವು ಬರೆದದ್ದೇ ಬೇರೆ, ಇವರು ಓದಿದ್ದೇ ಬೇರೆ. “ಯಾರೋ ಹೆಂಗ್ಸು ನಮ್ ಗಾಡಿಗೆ ಗುದ್ದಿ, ತೆಪ್ಪಾಯ್ತು ಅಂತ ಬರ್ದವ್ಳೆ ಕಣಪ್ಪೋ” ಎಂದರು. ಮಾವ ನಂಬಿ, “ಪಾಪ, ಹೋಗ್ಲಿ ಬುಡ್ಲಾ” ಎಂದರು. ನಾನು ಅಲ್ಲೇ ನಿಂತು ಸೊಪ್ಪು ಬಿಡಿಸುತ್ತಿದ್ದೆ.

ಅವತ್ತು ನಾವು ಹೊರಟಿದ್ದು ಮಾಗಡಿ ಕಡೆಯ ಕಲ್ಯಕ್ಕೆ. ಅದು ನನ್ನ ತವರು. ನಮ್ಮಪ್ಪ ಮುನಿಯಪ್ಪನಿಗೆ ಲಕ್ವ ಹೊಡೆದು ಎರಡು ದಿನವಾಗಿತ್ತು. ಸೇತುವೆ ದಾಟುವಾಗ ಇವರಿಗೆ ಯಾರದೋ ಫೋನ್ ಬಂತು, ಕುರಿ ಸಾಗಿಸಲು ಬಾಡಿಗೆ ಇದೆ ಎಂದು. “ನಿಮ್ಮಪ್ಪ ನಾಳೀಕೂ ಇರ್ತನೆ, ಬಾಡ್ಗೆ ಇರಕಿಲ್ಲ” ಎಂದು ಗಾಡಿ ನಿಲ್ಲಿಸಿದರು. ನಾನು ಇಳಿದು ಬಸ್ಸಿಗೆ ಹೋಗುತ್ತೇನೆ ಎಂದು ಬಾಗಿಲಿಗೆ ಕೈ ಹಾಕಿದೆ. ಸಿಟ್ಟಿನಲ್ಲಿ ನನ್ನನ್ನೇ ನೋಡುತ್ತಾ, ಗಾಡಿ ತಿರುಗಿಸಲು ರಿವರ್ಸ್ ಹಾಕಿದರು. ಕನ್ನಡಿ ನೋಡಲೇ ಇಲ್ಲ. ನಿಮ್ಮ ಕಾರು ನಿಂತಿತ್ತು ಅಕ್ಕ. ನಿಮ್ಮ ಹಾರ್ನ್ ಕೂಡ ಕೇಳಿಸಿತು.

ಇನ್ನೊಂದು ವಿಷಯ. ಗಾಡಿಯ ಇನ್ಶೂರೆನ್ಸ್ ಕಟ್ಟಿಲ್ಲ. ಕಟ್ಟುತ್ತೇನೆಂದು ಮಾವನ ಹತ್ತಿರ ಹಣ ಪಡೆದು ಬೇರೆಯದಕ್ಕೆ ಖರ್ಚು ಮಾಡಿದ್ದಾರೆ. ಸ್ಟೇಷನ್, ಕೋರ್ಟು ಎಂದರೆ ಅದು ಹೊರಗೆ ಬರುತ್ತದೆ. ಇವರ ಹೆದರಿಕೆ ಅದು.

ಇಷ್ಟನ್ನೂ ನಿಮ್ಮ ಮನಸ್ಸಿನ ಸಮಾಧಾನಕ್ಕೆ ಬರೆದೆ. ನನ್ನ ಹೆಸರು ಎಲ್ಲೂ ಹೇಳಬೇಡಿ. ನನ್ನ ಫೋನನ್ನು ಇವರು ದಿನಾ ನೋಡುತ್ತಾರೆ. ಬರೆಯುವುದಾದರೆ ನಮ್ಮೂರ ಹಾಲಿನ ಡೈರಿಯ ವಿಳಾಸಕ್ಕೆ ಬರೆಯಿರಿ. ನಾನು ಅಲ್ಲಿ ಹಾಲು ಟೆಸ್ಟ್ ಮಾಡುವ ಕೆಲಸದಲ್ಲಿದ್ದೇನೆ.

ನಾನು ಇನ್ನೂ ಕಲ್ಯಕ್ಕೆ ಹೋಗಿಲ್ಲ.

ನಿಮ್ಮ,
ಮಾನಸ


ಚನ್ನಪಟ್ಟಣ
9 ಏಪ್ರಿಲ್ 2025

ಮಾನಸ ಅವರಿಗೆ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. “ನಿಮ್ಮ ಕಾರು ನಿಂತಿತ್ತು ಅಕ್ಕ” ಎನ್ನುವ ಸಾಲಿಗೆ ಬಂದಾಗಲೆಲ್ಲ ಅಳು ಬರುತ್ತಿತ್ತು. ಎರಡು ತಿಂಗಳಲ್ಲಿ ನನಗೇ ಅನುಮಾನ ಬರತೊಡಗಿತ್ತು, ಬ್ರೇಕ್ ಮೇಲಿನ ಕಾಲು ನಾನೇ ತೆಗೆದುಬಿಟ್ಟೆನೇನೋ ಎಂದು.

ಆದರೆ ಈ ಸಮಾಧಾನವನ್ನು ನಾನೊಬ್ಬಳೇ ಇಟ್ಟುಕೊಂಡು ಏನು ಮಾಡಲಿ? ನನ್ನ ಜೊತೆ ಓದಿದ ಯಾಸ್ಮಿನ್ ರಾಮನಗರದಲ್ಲಿ ವಕೀಲೆ. ಹೆಸರು ಹೇಳದೆ ಅವಳನ್ನು ಕೇಳಿದೆ. “ನೋಡಿದವರೊಬ್ಬರು ಬರೆದು ಸಹಿ ಹಾಕಿದರೆ ಕೇಸು ಗಟ್ಟಿಯಾಗುತ್ತೆ. ಇಲ್ಲದಿದ್ದರೆ ಎಲ್ಲರೂ ಹಿಂದಿನ ಕಾರಿನದೇ ತಪ್ಪು ಅಂತಾರೆ” ಎಂದಳು.

ನಿಮ್ಮ ಕಷ್ಟ ಗೊತ್ತಾಗುತ್ತದೆ. ಆದರೂ ಕೇಳುತ್ತೇನೆ. ಅವತ್ತು ನೀವು ಬಾಗಿಲು ತೆಗೆದು ಒಂದು ಮಾತು ಹೇಳಿದ್ದರೆ ನನ್ನ ಗಂಡ ಕೈಮುಗಿಯಬೇಕಾಗಿರಲಿಲ್ಲ. ಈಗಲಾದರೂ ಸಹಿ ಹಾಕಿ ಕೊಡಿ. ಮುಂದಿನ ತಿಂಗಳು ಹದಿನೈದಕ್ಕೆ ಕಾರು ನೋಡಲು ಜನ ಬರುತ್ತಾರಂತೆ.

ಅಸ್ರಾ


ದೊಡ್ಡಆಲಹಳ್ಳಿ
21 ಏಪ್ರಿಲ್ 2025

ಅಕ್ಕ,

ನೀವು ಬರೆದದ್ದು ಸರಿ. ಬಾಗಿಲು ತೆಗೆಯಬೇಕಿತ್ತು. ಅದನ್ನು ನೀವು ಹೇಳುವ ಮೊದಲೇ ನಾನು ದಿನಾ ಹೇಳಿಕೊಳ್ಳುತ್ತಿದ್ದೇನೆ.

ಆದರೆ ಸಹಿ ಹಾಕಿದ ದಿನ ಸಂಜೆ ನಾನು ಯಾವ ಮನೆಗೆ ಹೋಗಲಿ? ತವರಿನಲ್ಲಿ ಅಪ್ಪ ಮಂಚದ ಮೇಲಿದ್ದಾರೆ. ನಾನು ಈ ಮನೆಯಲ್ಲೇ ಬದುಕಬೇಕು. ನನ್ನಿಂದ ಆಗುವುದಿಲ್ಲ. ಡೈರಿಗೆ ಬಂದ ನಿಮ್ಮ ಕಾಗದವನ್ನು ಹರಿದು ಹಾಕಿದ್ದೇನೆ. ಇನ್ನು ಬರೆಯಬೇಡಿ.

ಮಾನಸ


ಚನ್ನಪಟ್ಟಣ
5 ಮೇ 2025
ರಿಜಿಸ್ಟರ್ಡ್ ಪೋಸ್ಟ್. ಹೊನ್ನಯ್ಯನವರ ಕೈಗೇ ಕೊಡುವುದು.

ಹೊನ್ನಯ್ಯನವರಿಗೆ ನಮಸ್ಕಾರ.

ಇದು ನನ್ನ ಮೂರನೇ ಪತ್ರ, ಕೊನೆಯದೂ ಹೌದು. ಓದಿ ಹೇಳುವವರು ಯಾರೇ ಆಗಲಿ, ಒಂದು ಅಕ್ಷರ ಬಿಡದೆ, ಒಂದು ಅಕ್ಷರ ಸೇರಿಸದೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಫೆಬ್ರವರಿ ಹನ್ನೆರಡರಂದು ನನ್ನ ಕಾರು ನಿಂತಿತ್ತು. ನಿಮ್ಮ ಗಾಡಿ ಹಿಂದಕ್ಕೆ ಬಂದು ಅದಕ್ಕೆ ಬಡಿಯಿತು. ತಪ್ಪಾಯಿತೆಂದು ನಾನು ಯಾವತ್ತೂ ಬರೆದಿಲ್ಲ.

ಕೈಯಿಂದ ಹಣ ಕೊಡುವುದು ನಿಮಗೆ ಕಷ್ಟವಾದರೆ ಬೇಡ. ನಿಮ್ಮ ಗಾಡಿಯ ಇನ್ಶೂರೆನ್ಸ್ ಪಾಲಿಸಿಯ ನಂಬರ್ ಕೊಡಿ. ನಮ್ಮ ವಕೀಲರು ಆ ಕಂಪನಿಯನ್ನೇ ಕೇಳುತ್ತಾರೆ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಅವರು ನೋಟಿಸ್ ಕಳಿಸುತ್ತಾರೆ.

ಇತಿ,
ಅಸ್ರಾ


ಕಲ್ಯ, ಮಾಗಡಿ ತಾಲ್ಲೂಕು
19 ಮೇ 2025

ಅಸ್ರಾ ಅಕ್ಕನವರಿಗೆ,

ಬರೆಯಬೇಡಿ ಎಂದವಳು ನಾನೇ ಬರೆಯುತ್ತಿದ್ದೇನೆ. ವಿಳಾಸ ನೋಡಿದರೆ ನಿಮಗೆ ಅರ್ಧ ತಿಳಿದಿರುತ್ತದೆ.

ಇದೇ ತಿಂಗಳು ಒಂಬತ್ತನೇ ತಾರೀಖು, ಶುಕ್ರವಾರ ಬೆಳಿಗ್ಗೆ, ಮಾವ ಕುರಿ ರೊಪ್ಪದ ಹತ್ತಿರ ಕೂತು ಕುರಿಗಳ ಕಾಲಿಗೆ ಔಷಧಿ ಹಚ್ಚುತ್ತಿದ್ದರು. ನಾನು ಒಂದೊಂದೇ ಕುರಿಯನ್ನು ಹಿಡಿದು ಕೊಡುತ್ತಿದ್ದೆ. ಪೋಸ್ಟ್‌ಮ್ಯಾನ್ ಅಲ್ಲಿಗೇ ಬಂದು ಮಾವನ ಹೆಬ್ಬೆಟ್ಟು ಒತ್ತಿಸಿಕೊಂಡು ನಿಮ್ಮ ಕಾಗದ ಕೊಟ್ಟ. ಇವರು ಗಾಡಿ ತೊಳೆಯುತ್ತಿದ್ದವರು ಓಡಿ ಬಂದರು.

“ತತ್ತಾ ಇಲ್ಲಿ, ನಾನ್ ಓದ್ತೀನಿ.”

ಮಾವ ಕೊಡಲಿಲ್ಲ. “ಹೋದ್ ಸಲ ನೀನ್ ಓದ್ದೆ. ಈ ಸಲ ಅವಳು ಓದ್ಲಿ. ಓದವ್ವ” ಎಂದು ನನ್ನ ಕೈಗೆ ಕೊಟ್ಟರು. ಅನುಮಾನದಿಂದ ಹೇಳಿದರೋ, ನಾನು ಹತ್ತಿರ ಇದ್ದೆನೆಂದು ಹೇಳಿದರೋ, ಇವತ್ತಿಗೂ ಗೊತ್ತಿಲ್ಲ.

ಕವರ್ ಹರಿದೆ. ಇವರು ನನ್ನ ಎದುರಿಗೇ ಬಂದು ನಿಂತರು. ಬೇರೆ ಏನಾದರೂ ಓದಿಬಿಡಲೇ ಎಂದುಕೊಂಡೆ, ಸುಳ್ಳು ಹೇಳುವುದಿಲ್ಲ. ಬಾಯಿಗೆ ಏನೂ ಬರಲಿಲ್ಲ. ನೀವು ಬರೆದಿದ್ದೇ ಬಂತು. ಒಂದು ಅಕ್ಷರ ಬಿಡದೆ, ಒಂದು ಅಕ್ಷರ ಸೇರಿಸದೆ ಎನ್ನುವುದನ್ನೂ ಓದಿದೆ. ನಿಮ್ಮ ಕಾರು ನಿಂತಿತ್ತು ಎನ್ನುವಲ್ಲಿ ಇವರು “ಸುಳ್ಳು! ಸುಳ್ಳ್ ಬರ್ದವ್ಳೆ ಅವ್ಳು” ಎಂದು ಕೂಗಿದರು. ಮಾವ ಕೈಯೆತ್ತಿ, “ಪೂರ್ತಿ ಓದ್ಲಿ ಇರ್ಲಾ” ಎಂದರು.

ಓದಿ ಮುಗಿಸಿದೆ. ಮಾವನಿಗೆ ಗಾಬರಿಯೇನೂ ಆಗಲಿಲ್ಲ. “ಅಷ್ಟೇನಾ? ಇನ್ಸೂರೆನ್ಸು ಐತಲ್ಲ, ಹೋಗ್ಲಾ ಬೀರಾ, ಕಾಗ್ದ ತಕಬಾ” ಎಂದರು.

ಇವರು ಅಲ್ಲಾಡಲಿಲ್ಲ.

“ತಕಬಾ ಅಂದೆ.”

ಆಗಲೂ ಅಲ್ಲಾಡಲಿಲ್ಲ. ಮಾವ ಮಗನ ಮುಖವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೀನು ಗಾಡೀಲಿ ಇದ್ದಲ್ಲವ್ವ. ಆ ಕಾರು ನಿಂತಿತ್ತಾ?”

ಅಕ್ಕ, ನೀವು ನನ್ನ ಹೆಸರನ್ನು ಎಲ್ಲೂ ಬರೆದಿರಲಿಲ್ಲ. ನಾನು ಕೇಳಿಕೊಂಡ ಹಾಗೆಯೇ ನಡೆದುಕೊಂಡಿದ್ದಿರಿ. ನಾನು ನೋಡಲಿಲ್ಲ ಎನ್ನಬಹುದಿತ್ತು. ಇವರು ಕಣ್ಣಿನಲ್ಲೇ ಬೇಡ ಎನ್ನುತ್ತಿದ್ದರು. “ನಿಂತಿತ್ತು ಮಾವ. ಹಾರ್ನೂ ಹೊಡೆದ್ರು” ಎಂದುಬಿಟ್ಟೆ.

ಇವರು ಕೈ ಎತ್ತಿಕೊಂಡು ಬಂದರು. ಮಾವ ಎದ್ದು ಅಡ್ಡ ನಿಂತರು. ಎಪ್ಪತ್ತರ ಮುದುಕ ನಿಂತ ರಭಸಕ್ಕೆ ಕುರಿಗಳೆಲ್ಲ ಚದುರಿದವು. “ಅವಳ್ ಮೈ ಮುಟ್ಟುದ್ರೆ ನಿಂಗೂ ನಂಗೂ ಆಗೋಯ್ತು ಕಣ್ಲಾ” ಎಂದರು.

ಅವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಮರುದಿನ ಮಾವ ಎರಡು ಟಗರು ಮಾರಿಸಿದರು. ಸೋಮವಾರ ನನಗೆ “ಬಟ್ಟೆ ತುಂಬ್ಕೊ, ನಿಮ್ಮಪ್ಪನ್ ತಾವ ಬುಟ್‌ಬತ್ತೀನಿ” ಎಂದರು. ಬಸ್ಸಿನಲ್ಲೇ ಬಂದೆವು. ಅಪ್ಪನಿಗೆ ಮಾತು ಹೋಗಿದೆ. ನನ್ನನ್ನು ನೋಡಿ ಬಲಗೈಯನ್ನು ಮಾತ್ರ ಎತ್ತಿದರು. ಮೂರು ತಿಂಗಳು ಆ ಕೈ ನೋಡದೆ ಹೇಗಿದ್ದೆನೋ.

ಮಾವ ಮುಂದಿನ ವಾರ ನಿಮ್ಮ ಮನೆಗೆ ಬರುತ್ತಾರೆ. ಕಳಿಸಿಕೊಡುವ ದುಡ್ಡಲ್ಲ, ಕೈಯಾರೆ ಕೊಟ್ಟು ಬರಬೇಕು ಎಂದಿದ್ದಾರೆ. ಇವರು ನನಗೆ ಒಂದು ಫೋನೂ ಮಾಡಿಲ್ಲ. ಮಾಡಿದರೆ ಏನು ಹೇಳಬೇಕೋ ಗೊತ್ತಿಲ್ಲ.

ನಿಮ್ಮ,
ಮಾನಸ


ಚನ್ನಪಟ್ಟಣ
2 ಜೂನ್ 2025

ಪ್ರೀತಿಯ ಮಾನಸ,

ನಿಮ್ಮ ಮಾವ ಬಂದಿದ್ದರು. ಕಾರು ನೋಡುವವರು ಬಂದು ಹೋಗಿದ್ದರು, ಬೆಲೆ ಕುದುರಿರಲಿಲ್ಲ. ನಮ್ಮ ಬೀದಿಗೆ ಬಂದು ಯಾರನ್ನೋ ಕೇಳಿ ಬಾಗಿಲಿಗೆ ಬಂದರು. ನನ್ನ ಗಂಡ ಒಳಗೆ ಕರೆದರೂ ಬರಲಿಲ್ಲ. “ಆ ಕಾರು ಓಡುಸ್ತಿದ್ ಹೆಣ್ಮಗಳು ಯಾರು, ಅವರ್ನ ಕರೀರಿ” ಎಂದರು. ನಾನು ಹೊರಗೆ ಬಂದೆ. ಅಕ್ಕಪಕ್ಕದವರು ನೋಡುತ್ತಿದ್ದರು.

“ತೆಪ್ಪು ನಮ್ದು ಕಣವ್ವ. ನಿಂತಿದ್ ಕಾರಿಗೆ ನನ್ ಮಗ ಗುದ್ದವ್ನೆ. ನಿಮ್ಮನ್ನ ಬೀದೀಲಿ ನಿಲ್ಲಿಸ್ಕೊಂಡು ಬೈದವ್ನೆ. ಅದ್ಕೆ ನಾನೂ ಬೀದೀಲೇ ನಿಂತು ಹೇಳ್ಬುಟ್ಟು ಆಮೇಲೆ ಒಳೀಕೆ ಬತ್ತೀನಿ” ಎಂದರು. ಹೇಳಿದ ಮೇಲೆ ಒಳಗೆ ಬಂದರು, ನೀರು ಕುಡಿದರು, ಟವೆಲಿನ ಗಂಟು ಬಿಚ್ಚಿ ಹಣ ಕೊಟ್ಟರು. ಎರಡು ಸಾವಿರವನ್ನು ಬೇರೆಯಾಗಿ ನನ್ನ ಗಂಡನ ಕೈಗೇ ಇಟ್ಟರು. ಬರೆದುಕೊಡಿ ಎಂದು ನಾನು ಕೇಳಲಿಲ್ಲ. ಬೀದಿಯೇ ಕೇಳಿಸಿಕೊಂಡಿತ್ತು.

ಅವರು ಹೋದ ಮೇಲೆ ಅತ್ತೆ ನನ್ನ ತಲೆ ಸವರಿದರು. “ನನ್ನ ಮುಷರಫ್‌ಗೆ ಏನು ಗೊತ್ತಿತ್ತು ಪಾಪ, ಅವನಿಗೂ ಮೋಸ ಮಾಡಿದರು” ಎಂದರು. ನನ್ನ ಗಂಡ ತಲೆ ತಗ್ಗಿಸಿದ್ದರು.

ಮಾನಸ, ಇದನ್ನು ನಿಮಗೆ ಬಿಟ್ಟು ಬೇರೆ ಯಾರಿಗೂ ಬರೆಯಲಾರೆ. ಆ ರಾತ್ರಿ ನನ್ನ ಗಂಡ ತಾವಾಗಿಯೇ ಹೇಳಿದರು. ಅವತ್ತು ನಾನು ರಸ್ತೆಯಂಚಿನಲ್ಲಿ ಮುಖ ತಿರುಗಿಸಿ ನಿಂತಿದ್ದಾಗ ಬೀರೇಶ್ ಗಾಡಿಯನ್ನು ಪಕ್ಕಕ್ಕೆ ತೆಗೆಯಲು ಸ್ಟಾರ್ಟ್ ಮಾಡಿದರಂತೆ. ಅದು ಹಿಂದಕ್ಕೆ ಜಗ್ಗಿತಂತೆ. ಗುದ್ದಿದಾಗ ಇಂಜಿನ್ ನಿಂತುಹೋಗಿತ್ತು, ಗೇರು ಇನ್ನೂ ರಿವರ್ಸಿನಲ್ಲೇ ಇತ್ತು. ನನ್ನ ಗಂಡ ಅದನ್ನು ಕಣ್ಣಾರೆ ನೋಡಿದರು. ನೋಡಿದ ಮೇಲೆ ಕೈಮುಗಿದರು. ನೋಡಿದ ಮೇಲೆ ಹಣ ಕೊಟ್ಟರು.

“ನಿನ್ನ ತಪ್ಪಿಲ್ಲ ಅಂತ ಅವತ್ತೇ ಗೊತ್ತಿತ್ತು. ಅಷ್ಟು ಜನ ನನ್ನ ಹೆಸರು ಕೇಳಿ ಸುಮ್ಮನಾದರಲ್ಲ, ಆಗ ಹೆದರಿದೆ. ನಿನ್ನನ್ನು ಅಲ್ಲಿಂದ ಕರೆದುಕೊಂಡು ಬಂದರೆ ಸಾಕಾಗಿತ್ತು” ಎಂದರು.

ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ನಾನೂ ಅಲ್ಲೇ ಇದ್ದೆನಲ್ಲ. ರಸ್ತೆಯಲ್ಲಿ ಹೆದರಿದ್ದನ್ನು ನಾನು ಅವತ್ತೇ ಕ್ಷಮಿಸಿದ್ದೆ. ಆದರೆ ಮನೆಗೆ ಬಂದ ಮೇಲೆ ಯಾರ ಹೆದರಿಕೆ? ಮೂರು ತಿಂಗಳು ನಾನು ಈ ಮನೆಯಲ್ಲಿ ಗುದ್ದಿದವಳಾಗಿಯೇ ಇದ್ದೆ. ನನ್ನ ಎದುರೇ ಕಾರಿನ ಬೆಲೆ ಮಾತಾಡಿದರು. ಗೊತ್ತಿದ್ದೂ.

“ನನಗೆ ಹೇಳಿದ್ದು ಸಾಲದು. ಅಮ್ಮನಿಗೂ ಹೇಳಿ” ಎಂದೆ. ಅವರು ದೀಪ ಆರಿಸಿ ಮಲಗಿದರು.

ಅದಾಗಿ ಆರು ದಿನ. ಕಾರು ರಿಪೇರಿಯಾಗಿ ಬಾಗಿಲಿಗೆ ಬಂದಿದೆ. ನಿನ್ನೆ ನಾನೇ ಓಡಿಸಿಕೊಂಡು ಹೋಗಿ ರಾಮನಗರದಲ್ಲಿ ಮಾಲು ಕೊಟ್ಟು ಬಂದೆ. ಮನೆಯಲ್ಲಿ ಊಟ, ತಿಂಡಿ, ಕೆಲಸ ಎಲ್ಲ ನಡೆಯುತ್ತಿದೆ. ಮಾತು ಮಾತ್ರ ಅಗತ್ಯಕ್ಕೆ ತಕ್ಕಷ್ಟೇ. ನಿಮ್ಮ ಬೀರೇಶ್ ಫೋನ್ ಮಾಡಿದರೆ ಏನು ಹೇಳಬೇಕೋ ಗೊತ್ತಿಲ್ಲ ಎಂದು ಬರೆದಿದ್ದಿರಿ. ಅದನ್ನು ಹೇಳಿಕೊಡುವಷ್ಟು ನನಗೂ ತಿಳಿದಿಲ್ಲ. ನೀವು ಕುರಿ ರೊಪ್ಪದ ಮುಂದೆ ನಿಂತು ಹೇಳಿದ ಒಂದು ಮಾತು ನನ್ನ ಮನೆಯಲ್ಲಿ ಏನೇನು ಹೊರಗೆ ತಂದಿತು ಎಂದಷ್ಟೇ ಬರೆಯಬಲ್ಲೆ.

ಇಷ್ಟು ಬರೆಯುವಷ್ಟರಲ್ಲಿ ಹೊರಗೆ ಲೇತ್ ಮಿಷಿನ್ ನಿಂತಿತು. ಇನ್ನೂ ಕೆಲಸ ಬಿಡುವ ಹೊತ್ತಲ್ಲ. ನಡುಮನೆಯಲ್ಲಿ ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದಾರೆ. ಅವರ ಹತ್ತಿರ ಕುರ್ಚಿ ಎಳೆದ ಸದ್ದಾಯಿತು. ನಮ್ಮವರು ಮೆಲ್ಲಗೆ ಮಾತಾಡುತ್ತಿದ್ದಾರೆ, ಉರ್ದುವಿನಲ್ಲಿ. ಮೊದಲ ಮಾತು ಮಾತ್ರ ನನಗೆ ಇಲ್ಲಿಗೂ ಕೇಳಿಸಿತು.

“ಅಮ್ಮೀ, ನನಗೆ ಯಾರೂ ಮೋಸ ಮಾಡಲಿಲ್ಲ.”

ಪೆನ್ನು ಇಡುತ್ತೇನೆ.

ನಿಮ್ಮ ಅಕ್ಕ,
ಅಸ್ರಾ